ಓದುಗರ ಪ್ರಶ್ನೆ: ದೊಡ್ಡವರ ತರಗತಿಗೆ ಮೊಬೈಲು ಬಂದಾಗ

ವಯಸ್ಕರ ಕಲಿಕಾ ಕೇಂದ್ರಗಳಲ್ಲಿ ಪಾಠ ಹೇಳುವವರು, ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವರು, ಕಾರ್ಖಾನೆಗಳಲ್ಲಿ ತರಬೇತಿ ಕೊಡುವವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಹೆಂಗಸರಲ್ಲಿ ಅದು ಶೇ 68.08, ಯಾದಗಿರಿ ಜಿಲ್ಲೆಯಲ್ಲಿ ಒಟ್ಟಾರೆ ಶೇ 51.83. 2022ರಿಂದ 2027ರವರೆಗೆ ನಡೆಯುವ ನವಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ‘ಉಲ್ಲಾಸ್’, 15 ವರ್ಷ ದಾಟಿದ ಅನಕ್ಷರಸ್ಥರಿಗಾಗಿ ಇದೆ. ಅದರಲ್ಲಿ ಪಾಠ ಹೇಳುವವರು ಸ್ವಯಂಸೇವಕರು. ಅವರ ಕೈಯಲ್ಲಿ ಈಗ ಮೊಬೈಲ್ ಇದೆ. ಅದನ್ನು ತರಗತಿಯಲ್ಲಿ ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬುದೇ ಈ ಪತ್ರಗಳ ವಿಷಯ.

ಪ್ರಶ್ನೆ: ಸಂಜೆ ನಮ್ಮ ಕೇಂದ್ರಕ್ಕೆ 18 ಮಂದಿ ಬರುತ್ತಾರೆ. ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು. ಏನೇ ಕೇಳಿದರೂ ಅದೇ ಇಬ್ಬರು ಮೂವರು ಬಾಯಿ ಬಿಡುತ್ತಾರೆ. ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ, ಕೆಲವು ವಾರ ಕಳೆದರೆ ಬರುವುದನ್ನೇ ಬಿಡುತ್ತಾರೆ. ನನ್ನ ಹತ್ತಿರ ಇರುವುದು ಒಂದು ಸ್ಮಾರ್ಟ್‌ಫೋನ್. ಪ್ರೊಜೆಕ್ಟರ್ ಇಲ್ಲ. ಏನಾದರೂ ಮಾಡಬಹುದೇ?
— ಸ್ವಯಂಸೇವಾ ಬೋಧಕಿ, ಯಾದಗಿರಿ ಜಿಲ್ಲೆ

ಮಾಡಬಹುದು. ಆದರೆ ಮೊದಲು ಆ ಮೌನ ಎಲ್ಲಿಂದ ಬಂತೆಂದು ನೋಡಿ. ಓದು ಬಾರದವರಿಗೆ ‘ಇವರ ತಲೆಗೆ ಹತ್ತುವುದಿಲ್ಲ’ ಎಂಬ ಹಣೆಪಟ್ಟಿಯನ್ನು ಊರು ಮೊದಲೇ ಕಟ್ಟಿರುತ್ತದೆ. ನಾಲ್ಕು ಜನರ ಮುಂದೆ ತಪ್ಪು ಹೇಳಿದರೆ ಅದು ನಿಜವೆಂದು ತಾವೇ ಒಪ್ಪಿಕೊಂಡಂತೆ ಎಂಬ ಅಳುಕು ಅವರಿಗಿರುತ್ತದೆ. ಈ ಅಳುಕು ಕಲಿಕೆಯನ್ನೇ ಕೆಡಿಸುತ್ತದೆ. 1995ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗದಲ್ಲಿ ತೋರಿಸಿದರು. ಪ್ರಶ್ನೆಪತ್ರಿಕೆ ಒಂದೇ. ಅದು ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಎಂದು ಹೇಳಿ ಕೊಟ್ಟಾಗ ಕಪ್ಪು ವಿದ್ಯಾರ್ಥಿಗಳು ಹಿಂದೆ ಬಿದ್ದರು. ಹಾಗೆ ಹೇಳದೆ ಕೊಟ್ಟಾಗ ಅಂತರ ಕಿರಿದಾಯಿತು. ಆದ್ದರಿಂದ ಮೊದಲ ದಿನಗಳಲ್ಲಿ ‘ಪರೀಕ್ಷೆ’ ಎಂಬ ಮಾತೇ ಬೇಡ. ಉಲ್ಲಾಸ್‌ನ ಮೌಲ್ಯಮಾಪನ 150 ಅಂಕದ್ದು; ಓದು, ಬರಹ, ಲೆಕ್ಕ ತಲಾ 50. ಅದರ ಸುದ್ದಿಯನ್ನು ಕಲಿಕೆ ಒಂದು ಹದಕ್ಕೆ ಬಂದ ಮೇಲೆ ಹೇಳಿದರೆ ಸಾಕು.

ನಾವು ಎಲ್ಲರಿಗೂ ಹೇಳುವ ನಿಯಮ ಒಂದೇ: ತಪ್ಪು ಗುಟ್ಟಾಗಿರಲಿ, ಕೊಡುಗೆ ಎಲ್ಲರಿಗೂ ಕಾಣಲಿ. ತಂತ್ರಜ್ಞಾನ ಈ ಎರಡರಲ್ಲಿ ಒಂದಕ್ಕಾದರೂ ನೆರವಾದರೆ ತನ್ನಿ, ಇಲ್ಲವಾದರೆ ಬಿಡಿ.

ನಿಮ್ಮ ಒಂದೇ ಫೋನಿಗೆ ಹೊಂದುವ ಸಾಧನ ಪ್ಲಿಕರ್ಸ್ ಎಂಬ ಆ್ಯಪ್. ಕಲಿಯುವವರ ಕೈಯಲ್ಲಿ ಫೋನ್ ಬೇಕಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಕಾಗದದ ಕಾರ್ಡು ಸಾಕು. ಕಾರ್ಡಿನ ಮೇಲೆ ಕಪ್ಪು ಬಿಳುಪಿನ ಚೌಕಾಕಾರದ ಗುರುತು ಇರುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಪುಟ್ಟದಾಗಿ ಅಚ್ಚಾಗಿರುತ್ತದೆ. ತಾವು ಆರಿಸಿದ ಉತ್ತರದ ಅಂಚು ಮೇಲೆ ಬರುವಂತೆ ಕಾರ್ಡು ಹಿಡಿದರೆ, ನೀವು ಫೋನಿನ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದಾಗ ಎಲ್ಲರ ಉತ್ತರವೂ ದಾಖಲಾಗುತ್ತದೆ. ಯಾರು ಏನು ಹಿಡಿದರೆಂದು ಪಕ್ಕದವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಗುರುತುಗಳು ಬೇರೆ ಬೇರೆ, ಅಕ್ಷರಗಳು ಚಿಕ್ಕವು. 40 ಕಾರ್ಡುಗಳ ಕಟ್ಟನ್ನು ಅವರ ತಾಣದಿಂದಲೇ ಉಚಿತವಾಗಿ ಇಳಿಸಿಕೊಂಡು ಅಚ್ಚು ಹಾಕಿಸಬಹುದು.

ಕೆಡುವುದು ಎಲ್ಲಿ ಎಂದರೆ ಕಾಗದದಲ್ಲಿ. ತೆಳು ಕಾಗದ ಬಾಗುತ್ತದೆ, ಬಾಗಿದ ಗುರುತನ್ನು ಕ್ಯಾಮೆರಾ ಓದುವುದಿಲ್ಲ. ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ಇಲ್ಲವೇ ಮದುವೆ ಕಾಗದದಂಥ ರಟ್ಟಿಗೆ ಅಂಟಿಸಿ. ಲ್ಯಾಮಿನೇಶನ್ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿಸಬೇಡಿ, ಹೊಳೆಯುವ ಹಾಳೆ ಟ್ಯೂಬ್‌ಲೈಟಿನ ಬೆಳಕನ್ನು ತಿರುಗಿಸಿ ಗುರುತನ್ನು ಮಸುಕು ಮಾಡುತ್ತದೆ. ಬೆರಳು ಕಪ್ಪು ಭಾಗದ ಮೇಲೆ ಬಂದರೂ ಓದುವುದಿಲ್ಲ. ಅಂಚನ್ನು ಮಾತ್ರ ಹಿಡಿಯುವುದನ್ನು ಮೊದಲ ದಿನ ಆಟದಂತೆ ಅಭ್ಯಾಸ ಮಾಡಿಸಿ. ಬೆಳಕು ಕಲಿಯುವವರ ಮುಖಕ್ಕೆ ಬೀಳಬೇಕು, ಬೆನ್ನ ಹಿಂದಿನಿಂದ ಬರಬಾರದು.

ಇನ್ನೊಂದು ತೊಡಕಿದೆ. ಕನ್ನಡದ ಅಕ್ಷರವನ್ನೇ ಈಗ ಕಲಿಯುತ್ತಿರುವವರಿಗೆ ಎ, ಬಿ, ಸಿ, ಡಿ ಯಾವ ಉಪಯೋಗಕ್ಕೆ? ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ಚಿತ್ರ ಅಂಟಿಸಿ: ಹೂವು, ಬಸ್ಸು, ಮನೆ, ಮರ. ಹಲಗೆಯ ಮೇಲೆಯೂ ಉತ್ತರಗಳ ಪಕ್ಕ ಅದೇ ನಾಲ್ಕು ಚಿತ್ರ ಬರೆಯಿರಿ. ಹಿಂಬದಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ಮರೆತರೆ ಅರ್ಧದಷ್ಟು ಉತ್ತರ ತಪ್ಪಾಗಿ ದಾಖಲಾಗುತ್ತದೆ. ಎ ಇರುವ ಅಂಚಿನ ಬೆನ್ನಿಗೇ ಹೂವು, ಬಿ ಇರುವ ಅಂಚಿನ ಬೆನ್ನಿಗೇ ಬಸ್ಸು, ಹೀಗೆ ಅಂಚು ಹಿಡಿದು ಅಂಟಿಸಿ. ಆ ಅಂಚು ಮೇಲೆ ಬಂದಾಗ ಚಿತ್ರ ನೆಟ್ಟಗೆ ಕಾಣಬೇಕು.

ಪ್ರಶ್ನೆ ಹೆಣೆಯುವುದೇ ನಿಜವಾದ ಕೆಲಸ. ತಪ್ಪು ಉತ್ತರಗಳು ಅವರು ನಿಜವಾಗಿ ಮಾಡುವ ತಪ್ಪುಗಳಾಗಿರಬೇಕು. ವ, ಪ, ಮ, ಷ ಕಣ್ಣಿಗೆ ಒಂದೇ ಥರ ಕಾಣುತ್ತವೆ. ದ ಮತ್ತು ಧ, ಬ ಮತ್ತು ಭ, ರ ಮತ್ತು ಠ ಕೂಡ. ಬಸ್ಸಿನ ಬೋರ್ಡಿನಲ್ಲಿ ‘ಶಹಾಪುರ’ ಯಾವುದು ಎಂದು ಕೇಳಿ ಸುರಪುರ, ಶಹಾಬಾದ, ಸಿಂದಗಿಗಳನ್ನು ಪಕ್ಕಕ್ಕಿಡಿ. ತಪ್ಪಿದರೆ ಬೇರೆ ಊರಿಗೆ ಹೋಗಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತು, ಹಾಗಾಗಿ ಗಮನ ತಾನಾಗಿಯೇ ಬರುತ್ತದೆ.

ಎಣಿಕೆ ಬಂದ ಮೇಲೆ ಹೆಸರು ಹೇಳಬೇಡಿ, ಫೋನಿನ ಪರದೆಯನ್ನೂ ತೋರಿಸಬೇಡಿ. ‘ಹೂವು 9, ಬಸ್ಸು 6, ಮನೆ 3’ ಎಂದು ಹಲಗೆಯ ಮೇಲೆ ಬರೆಯಿರಿ. ಸರಿ ಯಾವುದೆಂದು ಆಗಲೇ ಹೇಳಬೇಡಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಸರಿ ಉತ್ತರ ಶೇ 30ರಿಂದ 70ರಷ್ಟು ಮಂದಿಯಿಂದ ಬಂದಿದ್ದರೆ, ಅಂದರೆ ನಿಮ್ಮ ತರಗತಿಯಲ್ಲಿ 6ರಿಂದ 12 ಮಂದಿಯಿಂದ, ಅಕ್ಕಪಕ್ಕದವರು ಎರಡು ನಿಮಿಷ ಮಾತಾಡಿಕೊಳ್ಳಲಿ, ‘ನೀ ಯಾಕ ಅದನ್ನ ಹಿಡದಿ?’ ಎಂದು ಕೇಳಿಕೊಳ್ಳಲಿ. ಆಮೇಲೆ ಮತ್ತೆ ಕಾರ್ಡು ಎತ್ತಿಸಿ. ಐದಕ್ಕಿಂತ ಹೆಚ್ಚು ಮಂದಿಗೆ ಬಂದಿಲ್ಲವೆಂದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. 13 ಮುಟ್ಟಿದ್ದರೆ ಒಂದು ಮಾತು ಹೇಳಿ ಮುಂದೆ ಸಾಗಿ. ಒಂದು ಸಂಜೆಗೆ ಇಂಥ ಪ್ರಶ್ನೆ ನಾಲ್ಕು ಸಾಕು. ಎರಡನೆಯ ಸಲ ಸರಿ ಉತ್ತರ ಏರುವುದನ್ನು ಹಲಗೆಯ ಮೇಲೆ ಎಲ್ಲರೂ ನೋಡುತ್ತಾರೆ. ಏರಿಸಿದವರು ಅವರೇ.

ಸಿಗ್ನಲ್ ಬಾರದ ಊರಾದರೆ ನಾಲ್ಕು ಬಣ್ಣದ ಚೀಟಿ ಕೊಟ್ಟು, ಕಣ್ಣು ಮುಚ್ಚಿ ಎದೆಗೆ ಹಿಡಿಯಲು ಹೇಳಿ, ನೀವು ಎಣಿಸಿಕೊಳ್ಳಿ. ಗುಟ್ಟು ಉಳಿಯುತ್ತದೆ, ದಾಖಲೆ ಮಾತ್ರ ಇರುವುದಿಲ್ಲ.

ಪ್ರಶ್ನೆ: ನಮ್ಮ ಕೇಂದ್ರದಲ್ಲಿ ಎರಡು ಕೇರಿಯವರು ಬರುತ್ತಾರೆ. ಬೇರೆ ಬೇರೆ ಚಾಪೆಯಲ್ಲಿ ಕೂರುತ್ತಾರೆ, ಒಬ್ಬರು ಮುಟ್ಟಿದ ಟ್ಯಾಬ್ಲೆಟ್ ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ವಿಡಿಯೊಗಳನ್ನು ತೋರಿಸಿದೆವು. ನೋಡಿ ತಲೆಯಾಡಿಸಿದರು, ಮರುದಿನ ಮತ್ತೆ ಅದೇ ಚಾಪೆ.
— ಸ್ವಸಹಾಯ ಸಂಘಗಳ ಒಕ್ಕೂಟದ ಕಾರ್ಯಕರ್ತೆ, ಮಂಡ್ಯ ಜಿಲ್ಲೆ

ವಿಡಿಯೊ ನೋಡುವಾಗ ಯಾರಿಗೂ ಯಾರೂ ಬೇಕಾಗುವುದಿಲ್ಲ. ಅದಕ್ಕೇ ಮರುದಿನ ಅದೇ ಚಾಪೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು ಇದು: ಬರೀ ಒಂದೆಡೆ ಸೇರಿಸುವುದರಿಂದ ಪೂರ್ವಗ್ರಹ ಕರಗುವುದಿಲ್ಲ. ಆ ಕೆಲಸದ ಮಟ್ಟಿಗೆ ಇಬ್ಬರ ಸ್ಥಾನ ಸಮನಾಗಿರಬೇಕು, ಗುರಿ ಒಂದೇ ಇರಬೇಕು, ಒಬ್ಬರ ನೆರವಿಲ್ಲದೆ ಇನ್ನೊಬ್ಬರಿಗೆ ಗುರಿ ಮುಟ್ಟಲಾಗಬಾರದು, ನಡೆಸುವವರು ಅದನ್ನು ಬೆಂಬಲಿಸಬೇಕು. ಪೆಟ್ಟಿಗ್ರೂ ಮತ್ತು ಟ್ರಾಪ್ ಎಂಬ ಸಂಶೋಧಕರು 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಡನಾಟ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೆ, ಈ ನಾಲ್ಕು ಇದ್ದರೆ ಇನ್ನೂ ಹೆಚ್ಚು ಕಡಿಮೆ ಮಾಡುತ್ತದೆ ಎಂದು ಕಂಡಿತು.

ನಾಲ್ಕನ್ನೂ ಒಂದೇ ಪಾಠದಲ್ಲಿ ತರುವ ದಾರಿಯನ್ನು 1971ರಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕಂಡುಕೊಂಡರು. ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಜಗಳ ಎದ್ದಿದ್ದ ಕಾಲ ಅದು. ಅವರ ‘ಜಿಗ್ಸಾ’ ಪದ್ಧತಿಯಲ್ಲಿ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ಪೂರ್ತಿ ಪಾಠ ಬೇಕೆಂದರೆ ಎಲ್ಲರ ಮಾತನ್ನೂ ಕೇಳಲೇಬೇಕು. ಓದು ಬಾರದವರಿಗೆ ಕಾಗದದ ತುಂಡು ಕೊಡಲಾಗುವುದಿಲ್ಲ. ಇಲ್ಲೇ ಧ್ವನಿಮುದ್ರಣ ಬೇಕಾಗುವುದು.

ಒಂದು ಮಾದರಿ ಪಾಠ ಇಲ್ಲಿದೆ, ಮಗುವಿಗೆ ಭೇದಿಯಾದಾಗ ಏನು ಮಾಡಬೇಕೆಂಬುದು. ಇದು ಎರಡೂ ಕೇರಿಗೆ ಬೇಕು, ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ನಿಮ್ಮ ಫೋನಿನಲ್ಲಿ ಐದು ತುಂಡು ಮುದ್ರಿಸಿ, ಒಂದೊಂದೂ 40 ಸೆಕೆಂಡು ಮೀರದಿರಲಿ. ಮೊದಲನೆಯದು: ಸೋಪಿನಿಂದ ಕೈ ತೊಳೆದು, ಕುದಿಸಿ ಆರಿಸಿದ ನೀರನ್ನು ಒಂದು ಲೀಟರ್ ಅಳೆಯುವುದು. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್ ಪೊಟ್ಟಣ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಎರಡನೆಯದು: ಪೊಟ್ಟಣ ಸಿಗದಿದ್ದರೆ ಆ ಒಂದು ಲೀಟರಿಗೆ ಚಹಾ ಚಮಚದಲ್ಲಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಮಟ್ಟಸವಾಗಿರಬೇಕು, ಗುಪ್ಪೆಯಾಗಿರಬಾರದು, ಉಪ್ಪು ಹೆಚ್ಚಾದರೆ ಅಪಾಯ. ಮೂರನೆಯದು: ಪ್ರತಿ ಭೇದಿಯ ನಂತರ ಎಷ್ಟು ಕುಡಿಸಬೇಕು. ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ಸ್ವಲ್ಪ ಸ್ವಲ್ಪವಾಗಿ. ನಾಲ್ಕನೆಯದು: ಎದೆಹಾಲು, ಊಟ ನಿಲ್ಲಿಸಬಾರದು, ಆರು ತಿಂಗಳು ದಾಟಿದ ಮಗುವಿಗೆ ಆರೋಗ್ಯ ಕಾರ್ಯಕರ್ತೆ ಹೇಳಿದಂತೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆ 14 ದಿನ, ಕಲಸಿದ ನೀರನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಐದನೆಯದು: ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಪರು, ಕುಡಿಯಲೂ ಆಗದ ಸ್ಥಿತಿ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆ.

20 ಮಂದಿ ಇದ್ದರೆ ಐವರಂತೆ ನಾಲ್ಕು ತಂಡ. ತಂಡದ ಐವರಿಗೆ ಐದು ಬಣ್ಣದ ಚೀಟಿ. ಮೊದಲು ಒಂದೇ ಬಣ್ಣದವರು ಒಟ್ಟಿಗೆ ಕೂರುತ್ತಾರೆ, ಅಂದರೆ ನಾಲ್ವರಂತೆ ಐದು ಗುಂಪು. ತಮ್ಮ ತುಂಡನ್ನು ಮೂರು ನಾಲ್ಕು ಸಲ ಕೇಳಿ, ಬೇರೆಯವರಿಗೆ ಹೇಗೆ ಹೇಳಿಕೊಡುವುದೆಂದು ಮಾತಾಡಿಕೊಳ್ಳುತ್ತಾರೆ. ಇದಕ್ಕೆ 15 ನಿಮಿಷ. ಐದು ಸ್ಮಾರ್ಟ್‌ಫೋನ್ ಬೇಕಿಲ್ಲ, ಮೆಮೊರಿ ಕಾರ್ಡ್ ಹಾಕುವ ಕೀಪ್ಯಾಡ್ ಫೋನು ಅಥವಾ ಪುಟ್ಟ ಸ್ಪೀಕರ್ ಸಾಕು. ಆಮೇಲೆ ತಮ್ಮ ತಮ್ಮ ತಂಡಕ್ಕೆ ಮರಳಿ ಒಬ್ಬೊಬ್ಬರೂ ತಮ್ಮ ತುಂಡನ್ನು ಹೇಳಿಕೊಡುತ್ತಾರೆ, 20 ನಿಮಿಷ. ಕೊನೆಗೆ ಇಡೀ ಪಾಠದ ಮೇಲೆ ಕಾರ್ಡು ಎತ್ತಿಸುವ ನಾಲ್ಕು ಪ್ರಶ್ನೆ. ಈ ಹಂತದಲ್ಲಿ ಧ್ವನಿಮುದ್ರಣವನ್ನು ಮತ್ತೆ ಹಾಕಬಾರದು. ಹಾಕಿದರೆ ಪಕ್ಕದವರ ಮಾತಿಗೆ ಬೆಲೆ ಇರುವುದಿಲ್ಲ, ಎಲ್ಲರೂ ಯಂತ್ರಕ್ಕಾಗಿ ಕಾಯುತ್ತಾರೆ.

ಚೀಟಿಯನ್ನು ಲಾಟರಿಯಂತೆ ಎತ್ತಿಸಬೇಡಿ. ಒಂದೇ ಕೇರಿಯ ಐವರು ಒಂದೇ ತಂಡಕ್ಕೆ ಬಿದ್ದುಬಿಡಬಹುದು. ಹಿಂದಿನ ದಿನವೇ ಪಟ್ಟಿ ಮಾಡಿಟ್ಟುಕೊಂಡು ಅದರಂತೆ ಹಂಚಿ. ಒಂದು ಕೇರಿಯ ಒಬ್ಬರೇ ಒಂಟಿಯಾಗಿ ಉಳಿಯದಿರಲಿ, ಕನಿಷ್ಠ ಇಬ್ಬರಿರಲಿ. ‘ನಿಮ್ಮನ್ನು ಒಂದು ಮಾಡಲು ಈ ಆಟ’ ಎಂದು ಘೋಷಿಸಬೇಡಿ, ಘೋಷಿಸಿದ ದಿನವೇ ನಾಲ್ವರು ಎದ್ದು ಹೋಗುತ್ತಾರೆ. ಮೊದಲ ವಾರವೇ ಕಲಸಿದ ನೀರನ್ನು ಒಂದೇ ಲೋಟದಿಂದ ಕುಡಿಸಿ ತೋರಿಸುವ ಉತ್ಸಾಹವೂ ಬೇಡ. ಅಳೆದು ಕಲಸುವ ಕೆಲಸದಲ್ಲಿ ಎಲ್ಲರ ಕೈ ಸೇರುವುದೇ ಮೊದಲ ಹೆಜ್ಜೆ. ಒಬ್ಬರು ಬಾರದಿದ್ದರೆ ತುಂಡು ಕಾಣೆಯಾಗುತ್ತದಲ್ಲ, ಅದಕ್ಕೆ ಒಂದು ತಂಡದಲ್ಲಿ ಆರು ಜನರಿಟ್ಟು ಒಂದು ತುಂಡನ್ನು ಇಬ್ಬರಿಗೆ ಕೊಡಿ. ಮಾತಿನ ಮಲ್ಲಿಯೊಬ್ಬಳು ಎಲ್ಲರ ತುಂಡನ್ನೂ ತಾನೇ ಹೇಳತೊಡಗಿದರೆ ಅವಳನ್ನೇ ಆ ದಿನದ ಸಮಯ ನೋಡುವವಳನ್ನಾಗಿ ಮಾಡಿ.

ಒಂದು ಎಚ್ಚರ. ಎರಡು ಕೇರಿಗಳ ನಡುವೆ ಸ್ಪರ್ಧೆ ಇಡಬೇಡಿ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ 1,261 ಯುವಕರು ಸೇರಿದ ಪ್ರಯೋಗವೊಂದರಲ್ಲಿ ಕ್ರಿಕೆಟ್ ಲೀಗುಗಳನ್ನು ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ತಂಡದಲ್ಲಿ ಆಡಿದ ಬೇರೆ ಬೇರೆ ಜಾತಿಯವರಲ್ಲಿ ಜಾತಿ ದಾಟಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ಕುಗ್ಗಿತು. ಮೈದಾನ ಒಂದೇ ಆಗಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗೆರೆ ಸ್ಪಷ್ಟವಾಗಿರಲಿ. ಯಾರನ್ನಾದರೂ ಕೇಂದ್ರದೊಳಗೆ ಬಿಡದಿರುವುದು, ನೀರಿನ ಕೊಡ ಮುಟ್ಟಬೇಡ ಎನ್ನುವುದು ಆಟದಿಂದ ತಿದ್ದುವ ಸಂಗತಿಯಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿವೆ. ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ 14566. ನೋವುಂಡವರ ತಾಳ್ಮೆಯ ಮೇಲೆ ನಿಮ್ಮ ಕಾರ್ಯಕ್ರಮ ನಿಲ್ಲಬಾರದು.

ಪ್ರಶ್ನೆ: ಮೊಬೈಲಿನಲ್ಲಿ ಕ್ವಿಜ್ ಇಟ್ಟು, ಮೊದಲ ಮೂವರ ಹೆಸರನ್ನು ಪರದೆಯ ಮೇಲೆ ತೋರಿಸಿ ಬಹುಮಾನ ಕೊಟ್ಟರೆ ಹುರುಪು ಬರುವುದಿಲ್ಲವೇ?
— ಗ್ರಂಥಾಲಯ ಮೇಲ್ವಿಚಾರಕ, ಶಿವಮೊಗ್ಗ ಜಿಲ್ಲೆ

ಮೂವರಿಗೆ ಬರುತ್ತದೆ. ಪಟ್ಟಿಯ ಕೆಳಗಿರುವವರು ಒಂದು ವಾರದಲ್ಲಿ ಮನೆಗೆಲಸದ ನೆಪ ಹೇಳುತ್ತಾರೆ.

ಬಹುಮಾನದ ಮಾತಿಗೆ ಬಂದರೆ, ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಮಾಡಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟಿನ ತಂಟೆಗೆ ಹೋಗುವುದು ಕಡಿಮೆಯಾಯಿತು. ಡೆಸಿ ಮತ್ತು ಅವರ ಸಹೋದ್ಯೋಗಿ ರಯಾನ್ ಮುಂದೆ ಹೇಳಿದ್ದು: ತನ್ನ ಆಯ್ಕೆಗೆ ಜಾಗ, ತನ್ನಿಂದಾಗುತ್ತದೆ ಎಂಬ ಅನುಭವ, ಜೊತೆಯವರ ನಂಟು, ಈ ಮೂರಿದ್ದರೆ ಒಳಗಿನ ಹುರುಪು ಉಳಿಯುತ್ತದೆ. ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ ಶಾಲಾ ಮಕ್ಕಳ ಜೊತೆ ನಡೆಸಿದ ಅಧ್ಯಯನಗಳಲ್ಲೂ ಯೋಚಿಸಬೇಕಾದ ಸಂಗತಿ ಇದೆ. ಮೊದಲು ಒತ್ತಿದವರೇ ಗೆದ್ದರು ಎಂದಿಟ್ಟಾಗ ಹುಡುಗರು ಯೋಚಿಸದೆ ಒತ್ತತೊಡಗಿದರು. ಎಲ್ಲರೂ ಒಪ್ಪಿದರೆ ಮಾತ್ರ ಮುಂದಿನ ಪ್ರಶ್ನೆ ಎಂದಿಟ್ಟಾಗ ಮಾತುಕತೆ ಹುಟ್ಟಿತು.

ನಿಮ್ಮ ಕ್ವಿಜ್‌ನಲ್ಲೂ ಹಾಗೆ ಮಾಡಿ. ಸಮಯದ ಗಡಿಯಾರ ನಿಲ್ಲಿಸಿ. ವೇಗಕ್ಕೆ ಅಂಕ ಕೊಡುವ ಆಯ್ಕೆಯನ್ನು ತೆಗೆದುಹಾಕಿ. ಮೂವರಿಗೆ ಒಂದು ಫೋನು, ಮೂವರೂ ಒಪ್ಪಿದ ಮೇಲೇ ಒತ್ತುವುದು, ಒತ್ತುವ ಕೈ ಪ್ರತಿ ಪ್ರಶ್ನೆಗೂ ಬದಲಾಗುವುದು. ಪರದೆಯ ಮೇಲೆ ಇಡೀ ತರಗತಿಯ ಒಟ್ಟು ಅಂಕ ಮಾತ್ರ ಇರಲಿ, ಹೋದ ವಾರದ ಒಟ್ಟು ಅಂಕದ ಪಕ್ಕದಲ್ಲಿ. ವೈಯಕ್ತಿಕ ಸಾಧನೆಗೆ ಬೇರೆ ಜಾಗವಿದೆ: ಬ್ಯಾಂಕಿನ ಚೀಟಿಗೆ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ್ದು, ರೇಷನ್ ಅಂಗಡಿಯ ರಸೀದಿಯಲ್ಲಿ ಕಿಲೊ ಎಷ್ಟೆಂದು ಓದಿಕೊಂಡಿದ್ದು. ಒಪ್ಪಿಗೆ ಇದ್ದರೆ ಅವರ ದನಿಯಲ್ಲೇ 20 ಸೆಕೆಂಡು ಮುದ್ರಿಸಿ ವಾರದ ಕೊನೆಗೆ ಎಲ್ಲರಿಗೂ ಕೇಳಿಸಿ.

ಪ್ರಶ್ನೆ: ಹೆಂಗಸರ ಹತ್ತಿರ ಇರುವುದು ಕೀಪ್ಯಾಡ್ ಫೋನು, ಅದೂ ಮನೆಯವರೆಲ್ಲರಿಗೂ ಸೇರಿ ಒಂದು. ವಾಟ್ಸ್‌ಆ್ಯಪ್ ಪಾಠ ಸಾಧ್ಯವಿಲ್ಲ. ಬೇರೆ ದಾರಿ ಇದೆಯೇ? ನಾವು ತರಿಸಿದ ಆಡಿಯೊ ಪಾಠಗಳನ್ನು ‘ಅದು ನಮ್ಮ ಮಾತಲ್ಲ’ ಎಂದು ಕೇಳಲೊಲ್ಲರು.
— ಸಮುದಾಯ ರೇಡಿಯೊ ಕಾರ್ಯಕರ್ತ, ಕಲಬುರಗಿ

ಕರೆಗೆ ದನಿಯಲ್ಲೇ ಉತ್ತರಿಸುವ ಐವಿಆರ್ ವ್ಯವಸ್ಥೆ ಇದಕ್ಕೆ ಸರಿ. ಕಲಿಯುವವರು ಮಿಸ್ಡ್ ಕಾಲ್ ಕೊಡುತ್ತಾರೆ, ಯಂತ್ರ ತಿರುಗಿ ಕರೆ ಮಾಡುತ್ತದೆ, ಖರ್ಚು ಕೇಂದ್ರದ್ದು. ಪಾಠ 90 ಸೆಕೆಂಡು ಮೀರದಿರಲಿ. ಆಯ್ಕೆ ಮೂರಕ್ಕಿಂತ ಹೆಚ್ಚು ಬೇಡ. ‘ಒಂದು ಒತ್ತಿದರೆ ಪಾಠ’ ಎನ್ನಬೇಡಿ, ‘ಪಾಠ ಕೇಳಬೇಕಾದರೆ ಒಂದು ಒತ್ತಿ’ ಎನ್ನಿ. ಬೇಕಾದದ್ದು ಮೊದಲು ಕಿವಿಗೆ ಬಿದ್ದರೆ ಅಂಕಿ ಮರೆಯುವುದಿಲ್ಲ. ಒತ್ತಲು ಕನಿಷ್ಠ 8 ಸೆಕೆಂಡು ಬಿಡಿ. ಅನೇಕರು ಫೋನನ್ನು ಕಿವಿಯಿಂದ ತೆಗೆದು, ಗುಂಡಿ ಹುಡುಕಿ, ಒತ್ತಿ, ಮತ್ತೆ ಕಿವಿಗೆ ಇಡುತ್ತಾರೆ. ಆ ಹೊತ್ತಿಗೆ ಮುಂದಿನ ಮಾತು ಶುರುವಾಗಿದ್ದರೆ ಕೆಟ್ಟಿತು. ಒತ್ತಿದ ಮೇಲೆ ಎರಡು ಸೆಕೆಂಡು ಸುಮ್ಮನಿದ್ದು ಆಮೇಲೆ ಪಾಠ ಹಾಕಿ. ಕರೆ ಹೋಗುವ ಹೊತ್ತನ್ನು ಅವರೇ ಹೇಳಲಿ. ಅಂಕ, ಹಾಜರಿ ಯಾವುದನ್ನೂ ಮನೆಯ ಫೋನಿಗೆ ಕಳಿಸಬೇಡಿ, ಅದನ್ನು ಯಾರು ಮೊದಲು ನೋಡುತ್ತಾರೆಂಬುದು ನಿಮ್ಮ ಕೈಯಲ್ಲಿಲ್ಲ.

‘ನಮ್ಮ ಮಾತಲ್ಲ’ ಎಂಬ ದೂರು ನೂರಕ್ಕೆ ನೂರು ಸರಿ. ಗ್ರಂಥಸ್ಥ ಕನ್ನಡದ ದನಿ ಕೇಳಿದ ಕೂಡಲೇ ‘ಇದು ಓದಿದವರ ಪಾಲಿನದು’ ಎಂದು ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಡಿಜಿಟಲ್ ಗ್ರೀನ್ ಎಂಬ ರೈತ ವಿಡಿಯೊ ಯೋಜನೆ ಇದೇ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಹುಟ್ಟಿ, ಮೊದಲು ಪ್ರಯೋಗವಾದದ್ದು ಕರ್ನಾಟಕದ ಹಳ್ಳಿಗಳಲ್ಲಿ. ಅಲ್ಲಿ ನೋಡುಗರು ಮೊದಲು ಕೇಳುತ್ತಿದ್ದುದು ವಿಡಿಯೊದಲ್ಲಿರುವ ರೈತ ಯಾರು, ಯಾವ ಊರಿನವನು ಎಂದು. ಊರಿನ ಮುಖ ಕಂಡರೆ ‘ಅವನಿಂದಾದರೆ ನನ್ನಿಂದಲೂ ಆದೀತು’. ವಿಡಿಯೊವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಒಬ್ಬ ಸ್ಥಳೀಯರು ಇರುತ್ತಿದ್ದರು. ಯೋಜನೆ ಕೆಲಸ ಮಾಡಿದ್ದಕ್ಕೆ ಅವರೂ ಕಾರಣ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಆರಂಭದಲ್ಲೇ ‘ನಮ್ಮ ಧ್ವನಿ’ ಸಮುದಾಯ ಮಾಧ್ಯಮ ಕೇಂದ್ರವು ಕೇಬಲ್ ಮೂಲಕ ಸ್ವಸಹಾಯ ಸಂಘದ ಹೆಂಗಸರ ದನಿಯನ್ನೇ ಮನೆಮನೆಗೆ ಮುಟ್ಟಿಸಿತು.

ಹಾಗಾಗಿ ಹೋದ ವರ್ಷ ಕಲಿತವರಿಂದಲೇ ಪಾಠ ಹೇಳಿಸಿ. ಬೇರೆ ಬೇರೆ ಓಣಿಯವರು, ಉರ್ದು ಮನೆಮಾತಿನವರು, ಲಂಬಾಣಿ ತಾಂಡಾದವರು ಸರದಿಯಲ್ಲಿ ಕಲಿಸುವವರಾಗಲಿ. ತಾಂಡಾದ ಹೆಣ್ಣುಮಗಳೊಬ್ಬಳ ದನಿಯಿಂದ ಊರಿನವರು ಕೂಡಿಸುವ ಲೆಕ್ಕ ಕಲಿಯುವುದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮುದ್ರಿಸುವಾಗ ಫ್ಯಾನ್ ಆರಿಸಿ, ಮೈಕಿನಿಂದ ಬಾಯಿ ಒಂದು ಗೇಣು ದೂರ ಇರಲಿ, ಗೋಡೆಗೆ ಕಂಬಳಿ ತೂಗುಹಾಕಿದರೆ ಗುಂಯ್‌ಗುಡುವುದು ತಗ್ಗುತ್ತದೆ.

ಪ್ರಶ್ನೆ: 50 ದಾಟಿದ ಕೂಲಿ ಕಾರ್ಮಿಕರು ಟ್ಯಾಬ್ಲೆಟ್ ಒತ್ತಿದರೆ ಕೆಲಸವೇ ಮಾಡುವುದಿಲ್ಲ. ‘ಇದು ನಮ್ಮಂಥವರಿಗಲ್ಲ’ ಎಂದು ಬಿಡುತ್ತಾರೆ.
— ಬೋಧಕ, ಹಾವೇರಿ ಜಿಲ್ಲೆ

ಒರಟು, ಒಣಗಿದ ಬೆರಳನ್ನು ಪರದೆ ಗುರುತಿಸುವುದು ಕಷ್ಟ. ಬೆರಳ ತುದಿಯನ್ನು ಒದ್ದೆ ಬಟ್ಟೆಗೆ ಒತ್ತಿ ಆಮೇಲೆ ಮುಟ್ಟಲಿ. ದಪ್ಪ ಗಾಜಿನ ಹೊದಿಕೆ ಇದ್ದರೆ ಕಿತ್ತು ತೆಳುವಾದದ್ದು ಹಾಕಿಸಿ, ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆ ಇದ್ದರೆ ಒತ್ತಿ. ಹಾರೆ ಹಿಡಿದ ಕೈ ಗಟ್ಟಿಯಾಗಿ, ತುಂಬ ಹೊತ್ತು ಒತ್ತುತ್ತದೆ. ಆಗ ಆ್ಯಪ್ ತೆರೆಯುವ ಬದಲು ಅಳಿಸಬೇಕೇ ಎಂದು ಕೇಳುತ್ತದೆ, ಅವರು ಹೆದರಿ ಕೈ ಹಿಂದೆಗೆಯುತ್ತಾರೆ. ದೀರ್ಘ ಸ್ಪರ್ಶದ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ ಉದ್ದ ಮಾಡಬಹುದು.

ಇದಕ್ಕಿಂತ ಮುಖ್ಯವಾದದ್ದು ಕಣ್ಣು. ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಬರುವಂಥದ್ದು. ಓದುವ ಅಭ್ಯಾಸವೇ ಇಲ್ಲದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ‘ತಲೆಗೆ ಹತ್ತುತ್ತಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಕಾಣುತ್ತಲೇ ಇರುವುದಿಲ್ಲ! ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಕೊಟ್ಟವರ ಎಲೆ ಕೀಳುವ ಕೆಲಸ ಕೊಡದವರಿಗಿಂತ ಶೇ 21.7ರಷ್ಟು ಹೆಚ್ಚು ಸುಧಾರಿಸಿತು. ಟ್ಯಾಬ್ಲೆಟ್ ಹಂಚುವ ಮೊದಲು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯನ್ನು ಒಂದು ದಿನ ಕೇಂದ್ರಕ್ಕೆ ಕರೆಸಿ.

ಪ್ರಶ್ನೆ: ನಮ್ಮದು ಉಡುಪು ಕಾರ್ಖಾನೆ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹೆಣ್ಣುಮಕ್ಕಳ ಬಗ್ಗೆ ಮೇಲ್ವಿಚಾರಕರಲ್ಲಿ ಕೀಳು ಭಾವನೆ ಇದೆ. ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕದಲ್ಲೇ ಇದ್ದಂತೆ ಕಾಣಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಸಿ ‘ಅವರ ಜಾಗದಲ್ಲಿ ನಿಲ್ಲಿಸುವ’ ತರಬೇತಿಗೆ ಹಣ ಸಿಗುತ್ತದೆ. ಕೊಳ್ಳೋಣವೇ?
— ತರಬೇತಿ ಅಧಿಕಾರಿ, ಬೆಂಗಳೂರು

ಸದ್ಯಕ್ಕೆ ಬೇಡ ಎನ್ನುತ್ತೇವೆ. 2013ರಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು ಬಾರ್ಸಿಲೋನಾದಲ್ಲಿ, ಬಿಳಿ ಚರ್ಮದವರಿಗೆ ವಿಆರ್‌ನಲ್ಲಿ ಕಪ್ಪು ಚರ್ಮದ ದೇಹ ಕೊಟ್ಟಾಗ ಒಳಗಿನ ಜನಾಂಗೀಯ ಪೂರ್ವಗ್ರಹ ತಗ್ಗಿದ್ದನ್ನು ತೋರಿಸಿದ್ದು ನಿಜ. ಆದರೆ 2009ರಲ್ಲಿ ಅಮೆರಿಕದ ಗ್ರೂಮ್, ಬೈಲೆನ್ಸನ್, ನಾಸ್ ಅಂಥದೇ ಪ್ರಯೋಗದಲ್ಲಿ ತದ್ವಿರುದ್ಧ ಫಲ ಕಂಡಿದ್ದರು: ಕಪ್ಪು ದೇಹ ಪಡೆದವರಲ್ಲಿ ಪೂರ್ವಗ್ರಹ ಹೆಚ್ಚಾಗಿತ್ತು. ವಿಆರ್‌ನಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಐದು ನಿಮಿಷ ಬೈಗುಳ ತಿಂದ ಅನುಭವ ಕೊಟ್ಟರೆ ಮರುಕ ಹುಟ್ಟಬಹುದು, ಗೌರವ ಹುಟ್ಟಲೇಬೇಕೆಂದಿಲ್ಲ. ತಮಗೇ ಅರಿವಿಲ್ಲದ ಪೂರ್ವಗ್ರಹವನ್ನು ಅಳೆಯುತ್ತದೆ ಎನ್ನುವ ‘ಸುಪ್ತ ಪೂರ್ವಗ್ರಹ ಪರೀಕ್ಷೆ’ಯ ಅಂಕ ನೋಡಿ ಯಾವುದೇ ಮೇಲ್ವಿಚಾರಕರ ಬಡ್ತಿ ನಿರ್ಧರಿಸುವುದಂತೂ ಕೂಡದು. ಒಬ್ಬೊಬ್ಬರನ್ನು ತೂಗುವಷ್ಟು ಆ ಪರೀಕ್ಷೆ ಗಟ್ಟಿಯಲ್ಲ, ಒಬ್ಬರಿಗೇ ಎರಡು ಸಲ ಕೊಟ್ಟರೆ ಅಂಕ ಬದಲಾಗುತ್ತದೆ.

ಅದೇ ಹಣದ ಸಣ್ಣ ಪಾಲಿನಲ್ಲಿ ಇದನ್ನು ಮಾಡಿ. ಒಬ್ಬ ಮೇಲ್ವಿಚಾರಕರಿಗೆ ಒಬ್ಬ ಕೆಲಸಗಾರ್ತಿ ಜೋಡಿ, ಆದರೆ ತಮ್ಮದೇ ಲೈನಿನವರು ಬೇಡ. ವಾರಕ್ಕೊಂದು ಕೆಲಸದ ಕ್ರಮವನ್ನು ಇಬ್ಬರೂ ಸೇರಿ 60 ಸೆಕೆಂಡಿನ ಎರಡು ಭಾಷೆಯ ಆಡಿಯೊ ಮಾಡಬೇಕು. ಸೂಜಿ ಮುರಿದಾಗ ಹೊಲಿಗೆ ನಿಲ್ಲಿಸುವುದು, ಎಲ್ಲ ತುಂಡು ಹುಡುಕುವುದು, ರಿಜಿಸ್ಟರಿನಲ್ಲಿ ಅಂಟಿಸುವುದು, ಆಮೇಲೆ ಹೊಸ ಸೂಜಿ ಪಡೆಯುವುದು; ಇದರಿಂದ ಶುರು ಮಾಡಿ. ಕನ್ನಡದ ಭಾಗವನ್ನು ಅವಳು ಹೇಳಲಿ, ಒಡಿಯಾದ ಭಾಗವನ್ನು ಮೇಲ್ವಿಚಾರಕರು ಹೇಳಲಿ, ಒಬ್ಬರನ್ನೊಬ್ಬರು ತಿದ್ದಲಿ. ಒಡಿಯಾ ಉಚ್ಚಾರಕ್ಕೆ ತಡವರಿಸುವಾಗ ಗುರು ಯಾರೆಂಬುದು ಇಬ್ಬರಿಗೂ ಗೊತ್ತಿರುತ್ತದೆ. ಇದು ಕೆಲಸದ ಸಮಯದಲ್ಲೇ, ಸಂಬಳ ಕಡಿಯದೆ ನಡೆಯಬೇಕು. ಬಸ್ಸಿಗೆ ಓಡುವ ಹೊತ್ತಿನಲ್ಲಿ ಇಟ್ಟರೆ ಸತ್ತೇಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಮುಸ್ಲಿಂ ಮತ್ತು ಕ್ಯಾಥೊಲಿಕ್ ಶಾಲೆಗಳ ವಿದ್ಯಾರ್ಥಿಗಳು ಎದುರಾಎದುರು ಕೂರದೆ, ಆನ್‌ಲೈನ್ ಚಾಟ್‌ನಲ್ಲೇ ಪರಿಸರದ ಸಮಸ್ಯೆಯೊಂದಕ್ಕೆ ಸೇರಿ ಪರಿಹಾರ ಹುಡುಕಿದಾಗ ಪಕ್ಷಪಾತ ತಗ್ಗಿ, ಹನ್ನೆರಡು ತಿಂಗಳ ನಂತರವೂ ಹಾಗೇ ಉಳಿದದ್ದು ಅಧ್ಯಯನದಲ್ಲಿ ದಾಖಲಾಗಿದೆ. ಅಲ್ಲಿ ಯಾರೂ ತಮ್ಮ ಧರ್ಮದ ಗುರುತು ಬಿಡಬೇಕಿರಲಿಲ್ಲ.

ಪ್ರಶ್ನೆ: ಪೂರ್ವಗ್ರಹ ಕಡಿಮೆಯಾಗಿದೆ ಎಂದು ತಿಳಿಯುವುದು ಹೇಗೆ? ಕೇಳಿದರೆ ಎಲ್ಲರೂ ‘ನಮ್ಮಲ್ಲಿ ಭೇದವೇ ಇಲ್ಲ’ ಎನ್ನುತ್ತಾರೆ.
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಕೇಳಬೇಡಿ, ನೋಡಿ. ಎಲಿಜಬೆತ್ ಪಾಲಕ್ ಎಂಬ ಸಂಶೋಧಕಿ ಹತ್ಯಾಕಾಂಡ ಕಂಡ ಆಫ್ರಿಕಾದ ರುವಾಂಡಾದಲ್ಲಿ ಜನಾಂಗಗಳ ನಡುವಿನ ದ್ವೇಷ ತಗ್ಗಿಸಲು ಮಾಡಿದ ಒಂದು ರೇಡಿಯೊ ನಾಟಕದ ಪರಿಣಾಮವನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಗುಂಪಾಗಿ ಕೂತು ಕೇಳಿದವರ ಸ್ವಂತ ನಂಬಿಕೆ ಅಷ್ಟಾಗಿ ಬದಲಾಗಿರಲಿಲ್ಲ. ಆದರೆ ನಮ್ಮ ನಡುವೆ ಹೇಗೆ ನಡೆದುಕೊಳ್ಳುವುದು ಸರಿ ಎಂಬ ಎಣಿಕೆ ಬದಲಾಗಿತ್ತು, ನಡವಳಿಕೆಯೂ ಬದಲಾಗಿತ್ತು.

ಕೇಂದ್ರದಲ್ಲಿ ವಾರಕ್ಕೊಮ್ಮೆ, ಪಾಠ ಶುರುವಾಗಿ ಹತ್ತು ನಿಮಿಷಕ್ಕೆ, ಯಾರು ಎಲ್ಲಿ ಕೂತಿದ್ದಾರೆ ಎಂದು ಕಾಗದದ ಮೇಲೆ ಗುರುತು ಹಾಕಿ. ಹೆಸರಿನ ಬದಲು ಎರಡು ಬಣ್ಣದ ಚುಕ್ಕಿ ಸಾಕು. ಪಕ್ಕಪಕ್ಕದ ಜೋಡಿಗಳಲ್ಲಿ ಬೇರೆ ಬಣ್ಣದವು ಎಷ್ಟೆಂದು ಎಣಿಸಿ. ತಂಡ ಮಾಡಿ ಕೂರಿಸಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಾವಾಗಿ ಕೂತ ದಿನವನ್ನು ಮಾತ್ರ ಹಿಡಿಯಿರಿ. ಅಕ್ಷರ ತೊಡಕಾದಾಗ ಯಾರು ಯಾರ ಕಡೆ ತಿರುಗಿದರು ಎಂಬುದನ್ನೂ ಬರೆದಿಡಿ. ಕಾರ್ಯಕ್ರಮಕ್ಕೆ ಮೊದಲು ಮತ್ತು ಆಮೇಲೆ ಪ್ಲಿಕರ್ಸ್ ಕಾರ್ಡುಗಳನ್ನು ಬೆರೆಸಿ, ಯಾರ ಕಾರ್ಡು ಯಾವುದೆಂದು ನಿಮಗೂ ಗೊತ್ತಾಗದಂತೆ ಹಂಚಿ, ‘ಈ ಊರಿನ ಹೆಚ್ಚಿನವರು ಆ ಕೇರಿಯ ಮನೆಯಲ್ಲಿ ಚಹಾ ಕುಡಿಯುವುದನ್ನು ಒಪ್ಪುತ್ತಾರೆಯೇ’ ಎಂದು ಕೇಳಿ. ತಮ್ಮ ಬಗ್ಗೆ ಕೇಳಿದಾಗ ಹೇಳದ್ದನ್ನು ಊರಿನ ಬಗ್ಗೆ ಕೇಳಿದಾಗ ಹೇಳುತ್ತಾರೆ.

ಹೋಲಿಸಿ ನೋಡಲು ಇಂಥ ಪಾಠ ನಡೆಯದ ಇನ್ನೊಂದು ಕೇಂದ್ರದ ಚುಕ್ಕಿಗಳೂ ಬೇಕು. ಹಬ್ಬ, ಚುನಾವಣೆ, ಊರಜಗಳದ ವಾರಗಳನ್ನು ನಕ್ಷೆಯ ಮೇಲೆ ಬರೆದಿಡಿ. ಆ ವಾರಗಳಲ್ಲಿ ಚುಕ್ಕಿಗಳು ಮತ್ತೆ ಬೇರೆಯಾಗುತ್ತವೆ. ಆಮೇಲೆ ಎಷ್ಟು ವಾರಕ್ಕೆ ಮತ್ತೆ ಬೆರೆಯುತ್ತವೆ ಎಂಬುದನ್ನು ಎಣಿಸಿ, ಆ ಸಂಖ್ಯೆಯನ್ನೇ ನಿಮ್ಮ ವರದಿಯ ಮೊದಲ ಪುಟದಲ್ಲಿ ಹಾಕಿ.